ಪೀನಿಯಲ್ ಗ್ರಂಥಿಗೆ ಸೆಕೆ ತಿಳಿಯುತ್ತದೆಯೇ?

ಚಿಂತಾಮಣಿ ಮೇಷ್ಟ್ರು:

ಮಾನ್ಯರೇ,

ನಾನು ಚಿಂತಾಮಣಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಕಳೆದ ವಾರ ನಿರ್ನಾಳ ಗ್ರಂಥಿಗಳ ಪಾಠದಲ್ಲಿ ಮೆದುಳಿನ ನಡುವಿರುವ ಪುಟ್ಟ ಪೀನಿಯಲ್ ಗ್ರಂಥಿಯ ವಿಷಯ ನಡೆಯುತ್ತಿದ್ದಾಗ ಒಬ್ಬ ಹುಡುಗ ಎದ್ದು ನಿಂತು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅವನನ್ನು ಕೂರಿಸಿತೇ ಹೊರತು ನನಗೆ ಸಮಾಧಾನ ತರಲಿಲ್ಲ. ಆದ್ದರಿಂದ ತಿಳಿದವರ ಮುಂದೆ ಇಡುತ್ತಿದ್ದೇನೆ.

ಆ ಹುಡುಗನ ಮನೆಯವರು ಸೇವಂತಿಗೆ ಬೆಳೆಯುತ್ತಾರೆ. ನಮ್ಮ ಕಡೆ ರಾತ್ರಿ ಬಸ್ಸಿನಲ್ಲಿ ಬರುವವರಿಗೆ ದೂರದಿಂದ ಜಾತ್ರೆ ನಡೆಯುತ್ತಿರುವಂತೆ ಕಾಣುವ ತೋಟಗಳು ಇವೇ. ಸಾಲಿನುದ್ದಕ್ಕೂ ತಂತಿ ಎಳೆದು ಬಲ್ಬು ಕಟ್ಟಿರುತ್ತಾರೆ. ಇರುಳು ಉದ್ದವಾಗಿದ್ದಾಗ ಮೊಗ್ಗು ಕಟ್ಟುವುದು ಸೇವಂತಿಗೆಯ ಸ್ವಭಾವವಾದ್ದರಿಂದ, ನೆಟ್ಟ ಮೊದಲ ಕೆಲವು ವಾರ ಇರುಳನ್ನು ಬೆಳಕಿನಿಂದ ತುಂಡರಿಸಿ, ಗಿಡ ಮೈತುಂಬಿಕೊಂಡ ಮೇಲೆ ದೀಪ ನಿಲ್ಲಿಸಿದರೆ ತೋಟವೆಲ್ಲ ಒಟ್ಟಿಗೆ ಹೂವಿಗೆ ಬರುತ್ತದೆ. ಇದನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲ ಹುಡುಗ ಕೇಳಿದ್ದು ಹೀಗೆ: "ಸಾರ್, ಲೈಟ್ ಹಾಕಿದ್ರೆ ಗಿಡಕ್ಕೆ ರಾತ್ರಿ ಆಗಿದ್ದೇ ಗೊತ್ತಾಗಲ್ಲ. ನಮ್ಮಪ್ಪ ಕಾವಲಿಗೆ ಅದೇ ತೋಟದ ಶೆಡ್ಡಲ್ಲಿ ಮಲಗ್ತಾರೆ. ಮನೆಗಿಂತ ಅಲ್ಲೇ ಸೆಕೆ ಜಾಸ್ತಿ, ನಿದ್ದೆ ಬರಲ್ಲ ಅಂತಾರೆ. ಪೀನಿಯಲ್ ಗ್ರಂಥಿಗೆ ಬೆಳಕು ಆಗಲ್ಲ ಅಂತ ನೀವೇ ಹೇಳಿದ್ರಲ್ಲ, ಸೆಕೆ ಅದರಿಂದಾನಾ?"

ನಾನು "ಶೀಟಿನ ಶೆಡ್ಡು ಕಾಯುತ್ತದಪ್ಪ, ಅದಕ್ಕೇ ಸೆಕೆ" ಎಂದುಬಿಟ್ಟೆ. ಮನೆಗೆ ಬಂದು ಹುಡುಕಿದರೆ, ಬಿಸಿಲಿಗೆ ದೇಹ ತೋರುವ ಎಲ್ಲ ಹಾರ್ಮೋನು ಪ್ರತಿಕ್ರಿಯೆಗಳಿಗೂ ಪೀನಿಯಲ್ ಗ್ರಂಥಿಯೇ ಒಡೆಯ ಎಂಬಂತೆ ಬರೆದಿರುವ ಲೇಖನಗಳೂ, ಅದು ಮೂರನೆಯ ಕಣ್ಣು, ಆಜ್ಞಾಚಕ್ರ ಎಂದು ಮುಗಿಸುವ ಲೇಖನಗಳೂ ಸಿಕ್ಕವು. ನನ್ನ ಕೈಲಿರುವ ಪಠ್ಯಪುಸ್ತಕವೋ ಅದು ಮೆಲಟೊನಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ ಎಂದು ಹೇಳಿ ಮುಂದಿನ ಗ್ರಂಥಿಗೆ ಹೋಗುತ್ತದೆ. ಈ ಗ್ರಂಥಿಗೆ ಉಷ್ಣತೆ ನೇರವಾಗಿ ತಿಳಿಯುತ್ತದೆಯೇ? ಇಲ್ಲವೆಂದರೆ, ಸೆಕೆಯನ್ನು ಎದುರಿಸುವುದರಲ್ಲಿ ಅದರ ಪಾತ್ರ ಎಷ್ಟು? ಹುಡುಗನ ಅಪ್ಪನ ವಿಷಯದಲ್ಲಿ ನಾನು ಹೇಳಿದ್ದು ಸರಿಯೇ?

ತುಮಕೂರು ವೈದ್ಯ:

ಮೇಷ್ಟ್ರೇ, ನೀವು ಹೇಳಿದ್ದು ತಪ್ಪಲ್ಲ, ಆದರೆ ಅರ್ಧ. ಹುಡುಗನ ಊಹೆಯಲ್ಲೂ ಒಂದು ಕಾಲುಭಾಗ ನಿಜವಿದೆ.

ಮೊದಲು ಒಡೆತನದ ಪ್ರಶ್ನೆ. ಬಿಸಿಲಿಗೆ ದೇಹ ಕಾದಾಗ ಅದನ್ನು ಅರಿಯುವುದು ಮೆದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಎಂಬ ಭಾಗದ ಮುಂಬದಿಯ ನರಕೋಶಗಳು. ತಮ್ಮ ಮೂಲಕ ಹರಿಯುವ ರಕ್ತ ಬಿಸಿಯಾದರೆ ಅವು ಹೆಚ್ಚು ಮಿಡಿಯುತ್ತವೆ, ಚರ್ಮದಿಂದ ಬರುವ ವರದಿಯನ್ನೂ ಸೇರಿಸಿಕೊಂಡು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತವೆ, ಬೆವರು ಹರಿಸುತ್ತವೆ. ಒಂದು ಲೀಟರು ಬೆವರು ಮೈಮೇಲೆಯೇ ಆರಿದರೆ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಒಯ್ಯುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಯಾವ ಪ್ರಯೋಜನವೂ ಇಲ್ಲ. ಹೀಗೆ ಹೋದ ನೀರನ್ನೂ ಉಪ್ಪನ್ನೂ ಕಾಯುವುದಕ್ಕೆ ಹಾರ್ಮೋನುಗಳು ಬರುತ್ತವೆ. ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ಬರುವ ವಾಸೊಪ್ರೆಸಿನ್ ಮೂತ್ರಪಿಂಡದಲ್ಲಿ ನೀರನ್ನು ತಡೆಹಿಡಿಯುತ್ತದೆ, ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ಆಲ್ಡೊಸ್ಟಿರೋನ್ ಸೋಡಿಯಮನ್ನು ತಡೆಹಿಡಿಯುತ್ತದೆ. ಒಳತಾಪ ಏರುತ್ತ ಹೋದಂತೆ ಹಾಲೂಡಿಸುವ ಹಾರ್ಮೋನೆಂದೇ ಹೆಸರಾದ ಪ್ರೊಲ್ಯಾಕ್ಟಿನ್ ಏರುತ್ತದೆ, ಶ್ರಮ ಮಿತಿಮೀರಿದರೆ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಕೂಡ. ಬಿಸಿಲಿನ ಕೆಲಸಕ್ಕೆ ಹೊಸದಾಗಿ ಇಳಿದವನು ಒಂದೆರಡು ವಾರದಲ್ಲಿ ಒಗ್ಗಿಕೊಳ್ಳುತ್ತಾನಲ್ಲ, ಅಷ್ಟರಲ್ಲಿ ಅವನ ರಕ್ತದ ನೀರಿನಂಶ ಹೆಚ್ಚಿರುತ್ತದೆ, ಬೆವರು ಬೇಗ ಬರುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗಿರುತ್ತದೆ. ಈ ಇಡೀ ಪಟ್ಟಿಯಲ್ಲಿ ಪೀನಿಯಲ್ ಗ್ರಂಥಿಯ ಹೆಸರಿಲ್ಲ. ಗಡ್ಡೆಯ ಕಾರಣಕ್ಕೆ ಈ ಗ್ರಂಥಿಯನ್ನು ತೆಗೆಸಿಕೊಂಡವರ ರಕ್ತದಲ್ಲಿ ಮೆಲಟೊನಿನ್ ಸಿಗದಂತಾಗುತ್ತದೆ, ಆದರೂ ಅವರು ಬೇಸಿಗೆಯಲ್ಲಿ ಎಲ್ಲರಂತೆ ಬೆವರುತ್ತಾರೆ.

ಹಾಗಾದರೆ ಅದರ ಕೆಲಸವೇನು? ಅದು ಹೊತ್ತು ಹೇಳುತ್ತದೆ, ಅದರಲ್ಲೂ ಇರುಳಾಯಿತೆಂದು ಹೇಳುತ್ತದೆ. ಬಟಾಣಿ ಕಾಳಿಗಿಂತ ದೊಡ್ಡದಲ್ಲದ ಈ ಗ್ರಂಥಿಗೆ ಮನುಷ್ಯರಲ್ಲಿ ಬೆಳಕು ನೇರವಾಗಿ ಕಾಣುವುದೂ ಇಲ್ಲ. ಸುದ್ದಿ ಬರುವ ದಾರಿ ಬಹಳ ಸುತ್ತುಬಳಸಿನದು, ಮಕ್ಕಳಿಗೆ ಚಿತ್ರ ಬರೆದು ತೋರಿಸಿದರೆ ಖುಷಿಪಡುತ್ತಾರೆ. ಕಣ್ಣಿನ ಅಕ್ಷಿಪಟಲದಲ್ಲಿ ನೋಟಕ್ಕಲ್ಲದೆ ಬೆಳಕಿನ ಇರವನ್ನಷ್ಟೇ ಅಳೆಯುವ, ಮೆಲನಾಪ್ಸಿನ್ ಎಂಬ ವರ್ಣದ್ರವ್ಯವುಳ್ಳ ಕೋಶಗಳಿವೆ. ಅವುಗಳಿಂದ ಸುದ್ದಿ ಹೈಪೋಥಲಾಮಸ್‌ನಲ್ಲಿರುವ ದೇಹದ ಗಡಿಯಾರಕ್ಕೆ ಹೋಗುತ್ತದೆ. ಅಲ್ಲಿಂದ ಮೆದುಳುಬಳ್ಳಿಯೊಳಗೆ ಇಳಿದು ಎದೆಯ ಮಟ್ಟಕ್ಕೆ ಬಂದು, ಹೊರಬಿದ್ದು, ಕತ್ತಿನ ಮೇಲ್ಭಾಗದ ನರಗಂಟನ್ನು ಮುಟ್ಟಿ, ಮತ್ತೆ ತಲೆಬುರುಡೆಯೊಳಕ್ಕೆ ಏರಿ ಪೀನಿಯಲ್ ಗ್ರಂಥಿಯನ್ನು ಸೇರುತ್ತದೆ. ಪಕ್ಕದ ಮನೆಗೆ ಊರೆಲ್ಲ ಸುತ್ತಿ ಹೋದಂತೆ. ಕತ್ತಲಲ್ಲಿ ಆ ನರದ ತುದಿಯಿಂದ ನಾರ್ ಅಡ್ರಿನಲಿನ್ ಎಂಬ ಸುದ್ದಿಯ ರಾಸಾಯನಿಕ ಒಸರಿದಾಗ ಗ್ರಂಥಿಯ ಕಿಣ್ವವೊಂದು ಎಚ್ಚೆತ್ತು ಸೆರೊಟೊನಿನ್ ಅನ್ನು ಮೆಲಟೊನಿನ್ ಆಗಿಸುವ ಕೆಲಸ ಶುರು ಮಾಡುತ್ತದೆ. ಅದು ಸಂಜೆ ಏರಲಾರಂಭಿಸಿ ನಡುರಾತ್ರಿ ಕಳೆದು ಎರಡರಿಂದ ನಾಲ್ಕು ಗಂಟೆಯ ಹೊತ್ತಿಗೆ ತುದಿ ಮುಟ್ಟಿ, ಬೆಳಗಾಗುವಾಗ ಇಳಿಯುತ್ತದೆ.

ಈ ದಾರಿಯನ್ನು ಇಷ್ಟು ವಿವರಿಸಿದ್ದಕ್ಕೆ ಕಾರಣವಿದೆ. ಕತ್ತಿನ ಭಾಗದಲ್ಲಿ ಮೆದುಳುಬಳ್ಳಿ ಪೂರ್ತಿ ತುಂಡಾದವರಲ್ಲಿ ಮೆಲಟೊನಿನ್ ನಿಂತುಹೋಗುತ್ತದೆ. ಅವರಿಗೆ ಸೆಕೆಯನ್ನು ತಡೆದುಕೊಳ್ಳಲೂ ಆಗುವುದಿಲ್ಲ. ಎರಡನ್ನೂ ಜೋಡಿಸಿ, ಮೆಲಟೊನಿನ್ ಇಲ್ಲದ್ದಕ್ಕೇ ಸೆಕೆ ತಡೆಯದಾಯಿತು ಎಂದು ಬರೆಯುವುದು ಸುಲಭ. ಆದರೆ ನಿಜವಾದ ಕಾರಣ, ಬೆವರಿಸುವ ನರಗಳೂ ಅದೇ ಮೆದುಳುಬಳ್ಳಿಯಲ್ಲಿ ಇಳಿಯುತ್ತವೆ, ಅವೂ ತುಂಡಾಗಿರುತ್ತವೆ.

ಇನ್ನು ಆ ಕಾಲುಭಾಗದ ನಿಜ. ನಮ್ಮ ಒಳತಾಪ ಇಡೀ ದಿನ ಒಂದೇ ಸಮ ಇರುವುದಿಲ್ಲ. ಸಂಜೆ ಹೆಚ್ಚಿದ್ದು, ಬೆಳಗಿನ ಜಾವಕ್ಕೆ ಅರ್ಧದಿಂದ ಒಂದು ಡಿಗ್ರಿ ಸೆಲ್ಸಿಯಸ್ ಇಳಿದಿರುತ್ತದೆ. ಈ ಇಳಿತಕ್ಕೆ ಮೆಲಟೊನಿನ್ ಒಂದು ಕೈ ಸೇರಿಸುತ್ತದೆ. ಸಂಜೆ ಅದು ಏರುವಾಗ ಅಂಗೈ, ಅಂಗಾಲುಗಳ ರಕ್ತನಾಳಗಳು ಹಿಗ್ಗಿ, ಒಡಲಿನ ಬಿಸಿರಕ್ತ ಅಲ್ಲಿಗೆ ಹರಿದು ಶಾಖ ಹೊರಬೀಳುತ್ತದೆ. ನಿದ್ದೆಗೆ ಜಾರುವ ಮಗುವಿನ ಅಂಗಾಲು ಬೆಚ್ಚಗಾಗಿರುವುದನ್ನು ಎಲ್ಲ ತಾಯಂದಿರೂ ಬಲ್ಲರು. ಅಂಗಾಲು ಬೆಚ್ಚಗಿದ್ದಷ್ಟೂ ನಿದ್ದೆ ಬೇಗ ಬರುತ್ತದೆಂದು ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸಂಶೋಧಕರು 1999ರಲ್ಲಿ ತೋರಿಸಿದ್ದಾರೆ. ಹಗಲಲ್ಲಿ ಮೆಲಟೊನಿನ್ ಮಾತ್ರೆ ಕೊಟ್ಟರೂ ಒಳತಾಪ ತುಸು ಇಳಿಯುತ್ತದೆ. ನಡುರಾತ್ರಿ ಕಣ್ಣಿಗೆ ಪ್ರಖರ ಬೆಳಕು ಬಿದ್ದರೆ ಮೆಲಟೊನಿನ್ ಕುಸಿಯುತ್ತದೆ, ಒಳತಾಪ ಇಳಿಯಬೇಕಾದಷ್ಟು ಇಳಿಯುವುದಿಲ್ಲ. ಆದರೆ ಇವೆಲ್ಲ ಒಂದು ಡಿಗ್ರಿಯ ಕೆಲವು ಹತ್ತನೇ ಪಾಲಿನ ಮಾತು. ಕಾದ ಶೀಟು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ತೊಂದರೆ ಕೊಡುತ್ತದೆ.

ಇವೆರಡೂ ಕೂಡುವ ಜಾಗ ಮಾತ್ರ ಗಮನಿಸತಕ್ಕದ್ದು. ಅಂಗಾಲಿನ ಚರ್ಮದಿಂದ ಶಾಖ ಹೊರಹೋಗಬೇಕಾದರೆ ಸುತ್ತಲಿನ ಗಾಳಿ ಚರ್ಮಕ್ಕಿಂತ ತಂಪಾಗಿರಬೇಕು. ಚರ್ಮದ ತಾಪ ಸುಮಾರು 33ರಿಂದ 35 ಡಿಗ್ರಿ. ಶೆಡ್ಡಿನೊಳಗೆ ರಾತ್ರಿ ಹತ್ತಕ್ಕೂ ಅಷ್ಟೇ ಕಾವು ಇದ್ದರೆ, ಪೀನಿಯಲ್ ಎಷ್ಟೇ ಕೂಗಿ ಬಾಗಿಲು ತೆರೆಸಿದರೂ ಹೊರಗೆ ಹೋಗಲು ದಾರಿಯಿಲ್ಲ, ಉಳಿಯುವುದು ಬೆವರೊಂದೇ. ಪಾವಗಡದ ಕಡೆಯಿಂದ ಬರುವ ನನ್ನ ರೋಗಿಗಳು ಏಪ್ರಿಲ್ ತಿಂಗಳಲ್ಲಿ "ಮೈ ಬೆಂಕಿ ಸ್ವಾಮಿ, ಜ್ವರ ನೋಡಿ" ಎಂದು ಕೈ ಚಾಚುತ್ತಾರೆ. ಥರ್ಮಾಮೀಟರಿನಲ್ಲಿ ಏನೂ ಇರುವುದಿಲ್ಲ. ನಾಲ್ಕು ರಾತ್ರಿ ನಿದ್ದೆ ಕೆಟ್ಟಿರುತ್ತದೆ, ಅಷ್ಟೆ.

ರಾತ್ರಿಪಾಳಿ, ನರಸಾಪುರ:

ಡಾಕ್ಟರೇ, ನಾನು ಕೋಲಾರದ ಪಕ್ಕ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಮೇಲೆ ದುಡಿಯುವವನು. ಬೆಳಿಗ್ಗೆ ಎಂಟಕ್ಕೆ ಬಂದು ಮಲಗಿದರೆ ಹನ್ನೊಂದಕ್ಕೆ ಮೈಯೆಲ್ಲ ಒದ್ದೆಯಾಗಿ ಎಚ್ಚರವಾಗುತ್ತದೆ. ಫ್ಯಾನು ಬಿಸಿಗಾಳಿಯನ್ನೇ ಸುತ್ತಿಸುತ್ತದೆ. ಹಗಲಲ್ಲಿ ಮೆಲಟೊನಿನ್ ಇಲ್ಲದ್ದು ಇದಕ್ಕೆ ಕಾರಣವಾದರೆ, ಅದರ ಮಾತ್ರೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆಂದು ಗೆಳೆಯರು ಹೇಳುತ್ತಾರೆ, ತೆಗೆದುಕೊಳ್ಳಬಹುದೇ? ಇನ್ನೊಂದು ವಿಷಯ: ನಮ್ಮ ತಂದೆ ರಕ್ತದೊತ್ತಡಕ್ಕೆ ಬಹಳ ವರ್ಷದಿಂದ ಅಟೆನೊಲಾಲ್ ನುಂಗುತ್ತಿದ್ದಾರೆ. ಅವರಿಗೂ ರಾತ್ರಿ ನಿದ್ದೆಯಿಲ್ಲ, ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಹೊರಳಾಡುತ್ತಾರೆ. ಅಜ್ಜಿ ಅಂಗಾಲಿಗೆ ಹರಳೆಣ್ಣೆ ತಿಕ್ಕಿದರೆ ಸ್ವಲ್ಪ ಕಣ್ಣು ಮುಚ್ಚುತ್ತಾರೆ.

ತುಮಕೂರು ವೈದ್ಯ:

ನಿಮ್ಮ ತಂದೆಯವರ ವಿಷಯವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಅದು ಈ ಚರ್ಚೆಗೆ ನೇರವಾಗಿ ಸೇರಿದ್ದು. ಪೀನಿಯಲ್ ಕೋಶಗಳ ಮೇಲೆ ನಾರ್ ಅಡ್ರಿನಲಿನ್ ಕೆಲಸ ಮಾಡುವುದು ಮುಖ್ಯವಾಗಿ ಬೀಟಾ ಗ್ರಾಹಕಗಳ ಮೂಲಕ, ಅಂದರೆ ಕೋಶದ ಮೇಲೆ ಆ ಸುದ್ದಿಯನ್ನು ಹಿಡಿಯುವ ಬಾಗಿಲುಗಳ ಮೂಲಕ. ಅಟೆನೊಲಾಲ್ ಎನ್ನುವುದು ಆ ಗ್ರಾಹಕಗಳನ್ನೇ ಮುಚ್ಚುವ ಔಷಧ. ಹೃದಯದಲ್ಲಿ ಮುಚ್ಚಲೆಂದು ಕೊಟ್ಟದ್ದು ಪೀನಿಯಲ್‌ನಲ್ಲೂ ಮುಚ್ಚುತ್ತದೆ. ಈ ವರ್ಗದ ಔಷಧ ನುಂಗುವವರಲ್ಲಿ ರಾತ್ರಿಯ ಮೆಲಟೊನಿನ್ ತಗ್ಗುವುದು ಚೆನ್ನಾಗಿ ತಿಳಿದಿರುವ ಸಂಗತಿ, ಕೆಲವರಿಗೆ ನಿದ್ದೆಯೂ ಕೆಡುತ್ತದೆ. ಇದನ್ನು ಓದಿ ದಯವಿಟ್ಟು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಥಟ್ಟನೆ ನಿಲ್ಲಿಸಿದರೆ ಹೃದಯಕ್ಕೆ ಅಪಾಯ. ಬರೆದುಕೊಟ್ಟ ವೈದ್ಯರಿಗೆ ನಿದ್ದೆಯ ವಿಷಯವನ್ನೂ, ಬಿಸಿಲಲ್ಲಿ ಆಯಾಸವಾಗುವುದಿದ್ದರೆ ಅದನ್ನೂ ತಿಳಿಸಿ. ಬೇರೆ ವರ್ಗದ ಔಷಧಗಳಿವೆ, ಬದಲಿಸಬೇಕೇ ಎಂಬುದನ್ನು ಅವರು ನಿರ್ಧರಿಸುತ್ತಾರೆ.

ನಿಮ್ಮ ತೊಂದರೆ ಬೇರೆ. ನೀವು ಮಲಗುವ ಹೊತ್ತಿಗೆ ದೇಹದ ಗಡಿಯಾರ ಒಳತಾಪವನ್ನು ಏರಿಸುತ್ತಿರುತ್ತದೆ, ಹೊರಗೆ ಸೂರ್ಯನೂ ಏರುತ್ತಿರುತ್ತಾನೆ. ಇಳಿಯಲು ಎರಡೂ ಕಡೆಯಿಂದ ಬಾಗಿಲು ಮುಚ್ಚಿದಂತೆ. ಮಾತ್ರೆಯನ್ನು ಯಾವ ಹೊತ್ತಿಗೆ ನುಂಗುತ್ತೀರಿ ಎಂಬುದರ ಮೇಲೆ ಗಡಿಯಾರ ಹಿಂದಕ್ಕೋ ಮುಂದಕ್ಕೋ ಸರಿಯುತ್ತದಾದ್ದರಿಂದ, ಪಾಳಿ ವಾರವಾರವೂ ಬದಲಾಗುವವರು ಗೆಳೆಯರ ಮಾತಿನ ಮೇಲೆ ನುಂಗುವುದು ನನಗೆ ಒಪ್ಪಿಗೆಯಿಲ್ಲ. ಅದಕ್ಕಿಂತ, ಕೆಲಸ ಮುಗಿಸಿ ಬರುವಾಗ ಕಪ್ಪು ಕನ್ನಡಕ, ಕಿಟಕಿಗೆ ದಪ್ಪ ಪರದೆ, ಮಲಗುವ ಮುಂಚೆ ಉಗುರುಬೆಚ್ಚಗಿನ ನೀರಿನ ಸ್ನಾನ. ತಣ್ಣೀರಿನ ಸ್ನಾನ ಹಿತವೆನಿಸಿದರೂ ಚರ್ಮದ ರಕ್ತನಾಳಗಳನ್ನು ಮುದುಡಿಸುತ್ತದೆ. ಬೆಚ್ಚಗಿನ ನೀರು ಹಿಗ್ಗಿಸುತ್ತದೆ. ಒದ್ದೆ ಮೈಗೆ ಫ್ಯಾನು ಬೀಸಿದರೆ ನೀರು ಆರುವಾಗ ಬೆವರಿನ ಕೆಲಸವನ್ನೇ ಮಾಡುತ್ತದೆ, ನಮ್ಮ ಈ ಮೂರೂ ಜಿಲ್ಲೆಗಳ ಬೇಸಿಗೆ ಒಣಬೇಸಿಗೆಯಾದ್ದರಿಂದ ಮಂಗಳೂರಿಗಿಂತ ಇಲ್ಲಿ ಇದು ಚೆನ್ನಾಗಿ ನಡೆಯುತ್ತದೆ.

ಹರಳೆಣ್ಣೆ ಪೀನಿಯಲ್‌ಗೆ ಏನೂ ಮಾಡುವುದಿಲ್ಲ. ಆದರೆ ಅಂಗಾಲನ್ನು ಹತ್ತು ನಿಮಿಷ ತಿಕ್ಕಿದರೆ ಅಲ್ಲಿಗೆ ರಕ್ತ ಹರಿಯುತ್ತದೆ, ಅಜ್ಜಿಯವರ ಕೈಯನ್ನು ನಾನು ತಡೆಯಲಾರೆ.

ಪಶುವೈದ್ಯ, ಗೌರಿಬಿದನೂರು:

ಡಾಕ್ಟರರು ಮನುಷ್ಯರ ಮಾತು ಹೇಳಿದ್ದಾರೆ. ಪೀನಿಯಲ್ ಗ್ರಂಥಿಯ ಬಲ ನಿಜವಾಗಿ ಕಾಣುವುದು ದನದ ಕೊಟ್ಟಿಗೆಯಲ್ಲಿ ಎಂದು ಹೇಳಲು ಬಂದೆ. ಮೆಲಟೊನಿನ್ ಎಂಬ ವಸ್ತು ಮೊದಲು ಸಿಕ್ಕಿದ್ದೂ ದನಗಳ ಪೀನಿಯಲ್ ಗ್ರಂಥಿಗಳಿಂದಲೇ. ಅಮೆರಿಕದ ಯೇಲ್‌ನಲ್ಲಿ ಚರ್ಮವೈದ್ಯರಾಗಿದ್ದ ಆರನ್ ಲರ್ನರ್ ಮತ್ತು ಸಂಗಡಿಗರು ಅದನ್ನು 1958ರಲ್ಲಿ ಬೇರ್ಪಡಿಸಿದರು. ಅವರು ಹುಡುಕುತ್ತಿದ್ದುದು ನಿದ್ದೆಯ ಔಷಧವನ್ನಲ್ಲ, ಕಪ್ಪೆಯ ಚರ್ಮವನ್ನು ಬಿಳಿಚಿಸುವ ವಸ್ತುವನ್ನು.

ಎಮ್ಮೆಯನ್ನು ತೆಗೆದುಕೊಳ್ಳಿ. ಹಗಲು ಕುಗ್ಗಿ ಇರುಳು ಹಿಗ್ಗುವ ತಿಂಗಳುಗಳಲ್ಲಿ, ಅಂದರೆ ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ, ಅದು ಚೆನ್ನಾಗಿ ಬೆದೆಗೆ ಬರುತ್ತದೆ. ಬೇಸಿಗೆಯಲ್ಲಿ ಬೆದೆಯ ಲಕ್ಷಣಗಳೇ ಕಾಣುವುದಿಲ್ಲ. ನಾವು ಇದನ್ನು ಮೂಕ ಬೆದೆ ಎನ್ನುತ್ತೇವೆ. ರೈತರು ಬಂದು "ಸಾರ್, ಎಮ್ಮೆ ಕೂಗಲೇ ಇಲ್ಲ, ತಿಂಗಳು ಕಳೀತು" ಎನ್ನುವುದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ. ಇಲ್ಲಿ ಎರಡು ಕೈಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಇರುಳು ಚಿಕ್ಕದಾದಾಗ ಮೆಲಟೊನಿನ್ ಸ್ರವಿಸುವ ಅವಧಿ ಕುಗ್ಗುತ್ತದೆ, ಪ್ರೊಲ್ಯಾಕ್ಟಿನ್ ಏರುತ್ತದೆ. ಅದು ಪೀನಿಯಲ್ ಕೊಟ್ಟ ಸುದ್ದಿ. ಇನ್ನೊಂದು ಕಡೆ ಸೆಕೆಯೇ ನೇರವಾಗಿ ಪ್ರೊಲ್ಯಾಕ್ಟಿನನ್ನೂ ಕಾರ್ಟಿಸಾಲನ್ನೂ ಏರಿಸಿ ಅಂಡಾಶಯದ ಕೆಲಸವನ್ನು ತಗ್ಗಿಸುತ್ತದೆ. ಅದರಲ್ಲಿ ಪೀನಿಯಲ್‌ನ ಕೈಯಿಲ್ಲ. ಕಪ್ಪು ಚರ್ಮ, ಕಡಿಮೆ ಬೆವರುಗ್ರಂಥಿಗಳಿರುವ ಎಮ್ಮೆಗೆ ಈ ಎರಡನೆಯ ಪೆಟ್ಟು ಹಸುವಿಗಿಂತ ಜೋರು. ಆದುದರಿಂದಲೇ ಕೆರೆಯಲ್ಲಿ ನೀರು ಇದ್ದ ಕಾಲದಲ್ಲಿ ಎಮ್ಮೆ ಸಾಕಿದವರಿಗೂ, ಈಗ ಕೆರೆ ಬತ್ತಿ ಪೈಪಿನಲ್ಲಿ ಮೈತೊಳೆಸುವವರಿಗೂ ಎಮ್ಮೆ ಗಬ್ಬ ಕಟ್ಟುವುದರಲ್ಲಿ ವ್ಯತ್ಯಾಸ ಕಾಣುತ್ತದೆ.

ಇಲ್ಲಿ ಒಂದು ತಿದ್ದುಪಡಿ. ನಮ್ಮ ಜಿಲ್ಲೆಗಳಿರುವ 13 ಡಿಗ್ರಿ ಅಕ್ಷಾಂಶದಲ್ಲಿ ವರ್ಷದ ಅತಿ ಉದ್ದದ ಹಗಲು ಸುಮಾರು 13 ಗಂಟೆ, ಅತಿ ಚಿಕ್ಕದು ಸುಮಾರು 11 ಗಂಟೆ 20 ನಿಮಿಷ. ಒಂದೂವರೆ ಗಂಟೆಗಿಂತ ತುಸು ಹೆಚ್ಚು ವ್ಯತ್ಯಾಸ, ಅಷ್ಟೇ. ಬ್ರಿಟನ್ನಿನ ಕುರಿಗಳು ಹಗಲಿನ ಉದ್ದವನ್ನೇ ನೋಡಿ ಬೆದೆಗೆ ಬರುತ್ತವೆ, ಅಲ್ಲಿ ಟಗರು ಬಿಡುವ ಮುನ್ನ ಹೆಣ್ಣುಕುರಿಯ ಕಿವಿಯ ಬುಡದಲ್ಲಿ 18 ಮಿಲಿಗ್ರಾಮಿನ ಮೆಲಟೊನಿನ್ ಗುಳಿಗೆ ಇಟ್ಟು ಬೆದೆಯನ್ನು ಮುಂಚಿತವಾಗಿ ತರಿಸುವುದುಂಟು. ನಮ್ಮ ಶಿರಾ, ಪಾವಗಡದ ಕುರಿಗಳಿಗೆ ಹಗಲಿನ ಲೆಕ್ಕಕ್ಕಿಂತ ಮೇವಿನ ಲೆಕ್ಕವೇ ದೊಡ್ಡದು. ಮಳೆ ಬಿದ್ದು ಹುಲ್ಲು ಚಿಗುರಿದರೆ ಅವು ಪಂಚಾಂಗ ನೋಡುವುದಿಲ್ಲ. ಎಲ್ಲೋ ಉತ್ತರದ ದೇಶಗಳ ಪ್ರಾಣಿಗಳ ಮೇಲೆ ಮಾಡಿದ ಪ್ರಯೋಗವನ್ನು ತಂದು ಇಲ್ಲಿಗೆ ಹಾಗೆಯೇ ಅಂಟಿಸುವವರನ್ನು ಕಂಡರೆ ನನಗೆ ಸ್ವಲ್ಪ ಬೇಸರ, ಅದಕ್ಕೇ ಇಷ್ಟು ಬರೆದೆ.

ಮೂರನೆಯ ಕಣ್ಣಿನ ಮಾತು ಬಂತಲ್ಲ ಮೇಷ್ಟ್ರೇ, ಮಕ್ಕಳಿಗೆ ಅದನ್ನು ಬೇಲಿಯ ಮೇಲೆಯೇ ತೋರಿಸಬಹುದು. ಓತಿಕ್ಯಾತನ ನೆತ್ತಿಯ ನಡುವೆ ಒಂದು ಹುರುಪೆಯಲ್ಲಿ ತಿಳಿಬಣ್ಣದ ಚುಕ್ಕೆ ಇರುತ್ತದೆ. ಅದರ ಕೆಳಗಿರುವುದು ಬೆಳಕನ್ನು ಅರಿಯುವ, ಪೀನಿಯಲ್‌ನ ಒಡಹುಟ್ಟಿದ ಅಂಗ. ಹಲ್ಲಿಯ ಜಾತಿಯ ಪ್ರಾಣಿಗಳಲ್ಲಿ ಈ ಅಂಗವನ್ನೋ ಪೀನಿಯಲ್ ಅನ್ನೋ ತೆಗೆದರೆ ಅವು ಬಿಸಿಲು ಕಾಯಿಸುವ ರೀತಿಯೇ ಬದಲಾಗುತ್ತದೆ. ಗುಬ್ಬಚ್ಚಿಯ ಪೀನಿಯಲ್ ತೆಗೆದು ಸದಾ ಕತ್ತಲಲ್ಲಿ ಇಟ್ಟರೆ ಅದರ ದಿನಚರಿಯ ಲಯವೇ ಅಳಿಸಿಹೋಗುತ್ತದೆಂದು 1968ರಲ್ಲೇ ತೋರಿಸಿದ್ದಾರೆ. ಇಲಿಯಲ್ಲಿ ಹಾಗಾಗುವುದಿಲ್ಲ, ಅದರ ಗಡಿಯಾರ ಹೈಪೋಥಲಾಮಸ್‌ನಲ್ಲಿದೆ. ಅಂದರೆ ಸರೀಸೃಪ, ಹಕ್ಕಿಗಳಲ್ಲಿ ಯಜಮಾನಿಕೆ ನಡೆಸುತ್ತಿದ್ದ ಗ್ರಂಥಿ ಸಸ್ತನಿಗಳಿಗೆ ಬರುವಷ್ಟರಲ್ಲಿ ಡಂಗುರ ಸಾರುವ ಕೆಲಸಕ್ಕೆ ಇಳಿದಿದೆ.

ಚಿಂತಾಮಣಿ ಮೇಷ್ಟ್ರು:

ಇಬ್ಬರಿಗೂ ವಂದನೆಗಳು. ನಿಮ್ಮ ಬರಹಗಳನ್ನು ಮುದ್ರಿಸಿಕೊಂಡು ತರಗತಿಯಲ್ಲಿ ಓದಿದೆ. ಹುಡುಗ ಅಷ್ಟಕ್ಕೆ ಬಿಡಲಿಲ್ಲ. "ದೀಪ ತೆಗೆಯೋಕಾಗಲ್ಲ ಸಾರ್, ಹೂವು ಮುಂಚೆನೇ ಬಂದುಬಿಡುತ್ತೆ. ರಾತ್ರಿ ಆಗಿದ್ದು ಗಿಡಕ್ಕೆ ಗೊತ್ತಾಗಬಾರದು, ಅಪ್ಪನಿಗೆ ಗೊತ್ತಾಗಬೇಕು, ಅಂಥ ಲೈಟ್ ಇದೆಯಾ?" ಎಂದು ಕೇಳಿದ್ದಾನೆ.

ತುಮಕೂರು ವೈದ್ಯ:

ಆ ಹುಡುಗನನ್ನು ಮುಂದೆ ಓದಿಸಿ ಮೇಷ್ಟ್ರೇ. ಅಂಥ ಬೆಳಕು ಇದೆ. ಕಣ್ಣಿನಲ್ಲಿರುವ ಮೆಲನಾಪ್ಸಿನ್ ಕೋಶಗಳಿಗೆ ಹೆಚ್ಚು ನಾಟುವುದು ಸುಮಾರು 480 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕು. ಗಿಡದ ಎಲೆಯಲ್ಲಿ ಇರುಳನ್ನು ಅಳೆಯುವ ಫೈಟೊಕ್ರೋಮ್ ಎಂಬ ವಸ್ತುವಿಗೆ ಹೆಚ್ಚು ನಾಟುವುದು ಸುಮಾರು 660 ನ್ಯಾನೊಮೀಟರಿನ ಕೆಂಪು ಬೆಳಕು. ಬೆಳ್ಳಗೆ ಹೊಳೆಯುವ ಎಲ್ಇಡಿ ಬಲ್ಬಿನಲ್ಲಿ ನೀಲಿಯ ಪಾಲು ಹೆಚ್ಚು, ಹಳೆಯ ತಂತಿ ಬಲ್ಬಿನಲ್ಲಿ ಕೆಂಪಿನ ಪಾಲು ಹೆಚ್ಚು. ಕೆಂಪು ಬಲ್ಬು ಕಟ್ಟಿದರೆ ಸೇವಂತಿಗೆ ಮೋಸ ಹೋಗುತ್ತದೆ, ಅಪ್ಪನ ಪೀನಿಯಲ್ ಅಷ್ಟಾಗಿ ಮೋಸ ಹೋಗುವುದಿಲ್ಲ. ಬಲ್ಬು ಬದಲಿಸುವ ಮೊದಲು ತೋಟಗಾರಿಕೆ ಇಲಾಖೆಯವರನ್ನು ಒಮ್ಮೆ ಕೇಳಲಿ, ಹೂವಿನ ಬೆಳೆ ನನ್ನ ವೃತ್ತಿಯಲ್ಲ. ಖರ್ಚಿಲ್ಲದ ಉಪಾಯ ಬೇಕಾದರೆ ಕಣ್ಣಿಗೆ ಕಪ್ಪು ಬಟ್ಟೆ, ಶೀಟಿನ ಮೇಲೆ ತೆಂಗಿನ ಗರಿ, ಮಲಗುವ ಮುನ್ನ ಆ ಗರಿಯ ಮೇಲೆ ನಾಲ್ಕು ಕೊಡ ನೀರು.

ಚಿಂತಾಮಣಿ ಮೇಷ್ಟ್ರು:

ವಿಚಾರಿಸಿದೆ. ತೋಟದಲ್ಲಿರುವುದು ಬೆಳ್ಳನೆಯ ಎಲ್ಇಡಿಗಳೇ, ಈ ಬೆಳೆ ಮುಗಿಯುವವರೆಗೆ ಬದಲಿಸುವುದಿಲ್ಲವಂತೆ. ಗರಿ ಹೊದಿಸಿದ್ದಾರೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡರೆ ಕಳ್ಳರು ಬಂದದ್ದು ಹೇಗೆ ಗೊತ್ತಾಗಬೇಕು ಎಂದು ಅವನ ಅಪ್ಪ ನಕ್ಕು, ಮಂಚವನ್ನು ಮಾತ್ರ ಗೋಡೆಯ ಕಡೆಗೆ ತಿರುಗಿಸಿಕೊಂಡಿದ್ದಾರೆ.